ತಾನಾಗಿ ಮೇಲೆ ಹತ್ತಿದ ಬ್ಲಾಕ್: ಒಂದು ಮೆಕ್ಯಾನಿಕ್ಸ್ ಪರೀಕ್ಷೆಯ ತಯಾರಿ

ಆ ಉತ್ತರ ಪತ್ರಿಕೆಯ ಮೂರನೇ ಪುಟ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪ್ರಶ್ನೆ ಚಿಕ್ಕದು. 30 ಡಿಗ್ರಿ ಇಳಿಜಾರಿನ ಮೇಲೆ 5 ಕೆ.ಜಿ. ಬ್ಲಾಕ್ ಒಂದನ್ನು ಸುಮ್ಮನೆ ಇಟ್ಟಿದ್ದಾರೆ. ಘರ್ಷಣೆಯ ಗುಣಾಂಕ 0.6. ಬ್ಲಾಕ್‌ನ ವೇಗೋತ್ಕರ್ಷ ಎಷ್ಟು?

ಹುಡುಗಿ ದುಂಡಗಿನ ಅಕ್ಷರದಲ್ಲಿ ಸೂತ್ರ ಬರೆದಿದ್ದಳು. ಇಳಿಜಾರಿನ ಉದ್ದಕ್ಕೆ ಕೆಳಗೆ ಎಳೆಯುವ ಬಲ 24.5 ನ್ಯೂಟನ್. ಸರಿ. ಘರ್ಷಣೆ ಎಂದರೆ ಮ್ಯೂ (ಘರ್ಷಣೆಯ ಗುಣಾಂಕ) ಗುಣಿಸು ಎನ್ (ಇಳಿಜಾರು ಬ್ಲಾಕನ್ನು ತನಗೆ ಲಂಬವಾಗಿ ಒತ್ತುವ ಬಲ), ಅಂದರೆ 25.46 ನ್ಯೂಟನ್. ಕಳೆದಳು, 5ರಿಂದ ಭಾಗಿಸಿದಳು. ಮೈನಸ್ 0.19 ಮೀ/ಸೆ². ಸ್ಕೇಲ್ ಇಟ್ಟು ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದಳು.

ಆ ಉತ್ತರದ ಪ್ರಕಾರ ಬ್ಲಾಕ್ ಯಾರೂ ಮುಟ್ಟದೆ ಇಳಿಜಾರನ್ನು ಮೇಲಕ್ಕೆ ಹತ್ತುತ್ತಿದೆ.

ಇದು ಬಿ.ಎಸ್ಸಿ. ಮೊದಲ ಸೆಮಿಸ್ಟರ್‌ನ ಇಂಟರ್ನಲ್ ಟೆಸ್ಟ್. ಅವಳಿಗೆ ಬಂದಿದ್ದು 20ಕ್ಕೆ 6. ಸೆಮಿಸ್ಟರ್ ಪರೀಕ್ಷೆಗೆ 23 ದಿನ ಉಳಿದಿತ್ತು. ನಾನು ಅವಳಿಗೆ ಪಾಠ ಮಾಡುವ ಮೇಷ್ಟ್ರು. ಹೆಸರು, ಕಾಲೇಜು ಇಲ್ಲಿ ಬೇಡ. ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರು ಅಂದುಕೊಳ್ಳಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿಯಿಂದ ಇಂಗ್ಲಿಷ್. ದಿನಾ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪ ಹಿಟ್ಟಿನ ಮಿಲ್ ನಡೆಸುತ್ತಾರೆ. ಈ ಮಿಲ್ ಮುಂದೆ ನಮಗೆ ತುಂಬಾ ಉಪಯೋಗಕ್ಕೆ ಬಂತು.

ಓದದ ಹುಡುಗಿ ಅಲ್ಲ

ಮೊದಲು ನಾನು ಅವಳ ನೋಟ್ಸ್ ನೋಡಿದೆ. ಎಲ್ಲ ಡಿರೈವೇಷನ್ನೂ ಇದ್ದವು. ಮುಖ್ಯವಾದ ಸಾಲುಗಳಿಗೆ ಹಳದಿ ಬಣ್ಣ. ದಿನಕ್ಕೆ ಎಷ್ಟು ಓದುತ್ತೀಯ ಅಂತ ಕೇಳಿದೆ. "ಮೂರು ಗಂಟೆ ಸಾರ್. ಒಂದೊಂದು ಚಾಪ್ಟರ್ ನಾಲ್ಕೈದು ಸಲ ಓದಿದೀನಿ." ಸುಳ್ಳು ಹೇಳುವ ಮುಖ ಅಲ್ಲ ಅದು. ಕಣ್ಣಲ್ಲಿ ನೀರಿತ್ತು.

ಹಾಳೆ ಕೊಟ್ಟು, ಪುಸ್ತಕ ಮುಚ್ಚಿಸಿ, ಲಂಬ ವೃತ್ತದ, ಅಂದರೆ ದಾರಕ್ಕೆ ಕಟ್ಟಿದ ಕಲ್ಲು ಮೇಲೆ ಕೆಳಗೆ ಸುತ್ತುವ ಚಲನೆಯ, ಡಿರೈವೇಷನ್ ಬರೆ ಅಂದೆ. ಮೂರನೇ ಸಾಲಿಗೆ ನಿಂತಳು. "ನೋಡಿದ್ರೆ ಗೊತ್ತಾಗುತ್ತೆ ಸಾರ್, ಬರೆಯೋಕೆ ಹೋದ್ರೆ ಬರಲ್ಲ" ಅಂದಳು. ಈ ಮಾತನ್ನು ಪ್ರತಿ ವರ್ಷ ಯಾರಾದರೂ ಒಬ್ಬರು ಹೇಳುತ್ತಾರೆ. ನೋಡಿದಾಗ ಪರಿಚಯ ಸಿಗುವುದು ಬೇರೆ, ಬೇಕಾದಾಗ ಒಳಗಿನಿಂದ ಎದ್ದು ಬರುವುದು ಬೇರೆ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಾದಷ್ಟನ್ನು ಬರೆಯಿತು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು, ಮುಚ್ಚಿಟ್ಟು ಬರೆದವರು ಮುಂದೆ ಹೋಗಿದ್ದರು. ಪರೀಕ್ಷೆ ಬರುವುದು 5 ನಿಮಿಷಕ್ಕಲ್ಲವಲ್ಲ.

ಆದರೆ ಬ್ಲಾಕ್ ಮೇಲೆ ಹತ್ತಿದ್ದಕ್ಕೆ ನೆನಪು ಕಾರಣ ಅಲ್ಲ. ಸೂತ್ರ ಅವಳಿಗೆ ಸರಿಯಾಗಿಯೇ ನೆನಪಿತ್ತು. ಹಾಗಾಗಿ ಇನ್ನೊಂದು ಹಾಳೆ ಕೊಟ್ಟೆ. "ಒಂದು ಕಲ್ಲನ್ನ ನೇರ ಮೇಲಕ್ಕೆ ಎಸೆದಿದೀಯ. ಕೈ ಬಿಟ್ಟಾಗಿದೆ. ಇನ್ನೂ ಮೇಲೆ ಹೋಗ್ತಾ ಇದೆ. ಗಾಳಿ ಲೆಕ್ಕಕ್ಕೆ ಬೇಡ. ಅದರ ಮೇಲೆ ಇರೋ ಬಲಗಳನ್ನೆಲ್ಲ ಬಾಣ ಹಾಕಿ ತೋರಿಸಮ್ಮ."

ಕೆಳಗೆ ಒಂದು ಬಾಣ ಹಾಕಿದಳು, ಗುರುತ್ವ. ಮೇಲೆ ಒಂದು ಬಾಣ ಹಾಕಿ ಪಕ್ಕದಲ್ಲಿ "ಎಸೆದ ಬಲ" ಅಂತ ಬರೆದಳು. ಮೇಲಿನ ಬಾಣ ದೊಡ್ಡದು. "ಮೇಲೆ ಹೋಗ್ತಿದೆ ಅಲ್ವಾ ಸಾರ್, ಅದಕ್ಕೇ."

ಇಲ್ಲಿತ್ತು ಗಂಟು. ಕೈ ಬಿಟ್ಟ ಮೇಲೆ ಕೈಯ ಬಲ ಕಲ್ಲಿನ ಜೊತೆ ಹೋಗುವುದಿಲ್ಲ. ಕಲ್ಲಿನ ಹತ್ತಿರ ಉಳಿದಿರುವುದು ವೇಗ ಮಾತ್ರ, ಬಲ ಕೆಳಮುಖವಾಗಿ ಒಂದೇ. ಆದರೆ ಅವಳು ಯೋಚಿಸಿದ ಹಾಗೆ ಯೋಚಿಸುವುದು ದಡ್ಡತನ ಅಲ್ಲ. 14ನೇ ಶತಮಾನದಲ್ಲಿ ಪ್ಯಾರಿಸ್‌ನ ಜೀನ್ ಬುರಿಡಾನ್‌ನಂಥ ಪಂಡಿತ ಕೂಡ, ಎಸೆದವನು ವಸ್ತುವಿನೊಳಗೆ ಒಂದು ಒತ್ತರವನ್ನು ತುಂಬಿ ಕಳಿಸುತ್ತಾನೆ, ಅದೇ ಅದನ್ನು ಮುಂದೆ ಒಯ್ಯುತ್ತದೆ ಎಂದು ವಾದಿಸಿದ್ದ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು 1992ರಲ್ಲಿ ಇಂಥ ನಂಬಿಕೆಗಳನ್ನು ಹಿಡಿಯಲೆಂದೇ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪ್ರಶ್ನೆಮಾಲೆ ಮಾಡಿದರು. ಲೆಕ್ಕವೇ ಇಲ್ಲದ ಪ್ರಶ್ನೆಗಳು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳಿಗೆ ಇಂಥ ಪ್ರಶ್ನೆಗಳನ್ನು ಕೊಟ್ಟಾಗ, ಕಷ್ಟದ ಲೆಕ್ಕ ಬಿಡಿಸುವವರೇ ಅಲ್ಲಿ ಎಡವಿದ್ದನ್ನು ನೋಡಿ ಪಾಠ ಮಾಡುವ ರೀತಿಯನ್ನೇ ಬದಲಿಸಿದರು. ಇದನ್ನು ನಾನು ಅವಳಿಗೂ ಹೇಳಿದೆ. ಹೇಳಲೇಬೇಕು ಅನ್ನಿಸಿತು. "ನನಗೊಬ್ಬಳಿಗೇ ಹೀಗಲ್ಲ ಅಂದಂಗಾಯ್ತು" ಅಂದಳು.

ಮೊದಲ ವಾರ: ಸೂತ್ರ ಬಂದ್

ನನ್ನ ಮೊದಲ ಯೋಜನೆ ಕೆಲಸ ಮಾಡಲಿಲ್ಲ, ಅದನ್ನೂ ಬರೆಯಬೇಕು. 40 ಲೆಕ್ಕ ಆರಿಸಿ ಕೊಟ್ಟಿದ್ದೆ. ಎರಡು ದಿನಕ್ಕೆ 22 ಮುಗಿಸಿಕೊಂಡು ಬಂದಳು. ಎಲ್ಲ ಸರಿ. ರಾಟೆಯ ಲೆಕ್ಕ ಒಂದನ್ನು ತೆಗೆದು, ಹಗ್ಗಕ್ಕೆ ತೂಗುವ 3 ಕೆ.ಜಿ. ಇದ್ದಲ್ಲಿ ಹಗ್ಗವನ್ನು ಕೆಳಗೆ ಎಳೆಯುವ ಕೈ ಅಂತ ಬದಲಿಸಿದೆ. ಕೈ ಓಡಲಿಲ್ಲ. ಗೈಡ್‌ನಲ್ಲಿ ಬಿಡಿಸಿದ ಲೆಕ್ಕ ನೋಡಿ, ಅದೇ ಅಚ್ಚಿನಲ್ಲಿ ಅಂಕಿ ಹಾಕಿದ್ದಳು. ಎರಡು ದಿನ ಹೋಯಿತು, 21 ಉಳಿಯಿತು.

ಆಮೇಲೆ ನಾಲ್ಕು ದಿನ ಸೂತ್ರವನ್ನೇ ಬರೆಯಬಾರದು ಅಂತ ಹೇಳಿದೆ. ಚಿತ್ರ ಮಾತ್ರ. ಒಂದು ವಸ್ತು ಆರಿಸು. ಅದನ್ನೊಂದೇ ಬಿಡಿಯಾಗಿ ಬರೆ. ಅದರ ಮೇಲಿರುವ ಬಲಗಳಿಗೆ ಬಾಣ ಹಾಕು. ಪ್ರತಿ ಬಾಣಕ್ಕೂ ನಾನು ಕೇಳುವುದು ಒಂದೇ ಪ್ರಶ್ನೆ: "ಇದನ್ನ ಕೊಡ್ತಿರೋರು ಯಾರು?" ಭೂಮಿ, ನೆಲ, ಹಗ್ಗ, ಕೈ, ಸ್ಪ್ರಿಂಗ್, ಗಾಳಿ, ಹೀಗೆ ಒಂದು ಹೆಸರು ಬರಬೇಕು. ಬರದಿದ್ದರೆ ಆ ಬಾಣ ಅಳಿಸಬೇಕು. "ಎಸೆದ ಬಲ"ಕ್ಕೆ ಕೊಡುವವರು ಯಾರೂ ಸಿಗಲಿಲ್ಲ, ಹೋಯಿತು. ದಾರಕ್ಕೆ ಕಟ್ಟಿ ತಿರುಗಿಸುವ ಕಲ್ಲಿನ ಚಿತ್ರದಲ್ಲಿ ದಾರದ ಎಳೆತ ಒಂದು, ಜೊತೆಗೆ "ಕೇಂದ್ರಾಭಿಮುಖ ಬಲ" ಅಂತ ಇನ್ನೊಂದು ಬಾಣ ಹಾಕಿದ್ದಳು. ಕೊಡೋರು ಯಾರು? ತುಂಬಾ ಹೊತ್ತು ನೋಡಿದಳು. "ದಾರಾನೇ ಸಾರ್. ಅಂದ್ರೆ ಎರಡೂ ಒಂದೇನಾ?" ಒಂದೇ. ಕೇಂದ್ರದ ಕಡೆಗಿರುವ ಒಟ್ಟು ಬಲಕ್ಕೆ ನಾವಿಟ್ಟ ಹೆಸರು ಅದು, ಹೊಸದಾಗಿ ಬಂದ ಬಲ ಅಲ್ಲ. ಈ ಒಂದು ಬಾಣ ಅಳಿಸಿದ್ದಕ್ಕೆ ಲಂಬ ವೃತ್ತದ ಡಿರೈವೇಷನ್ ಅವಳಿಗೆ ತಾನಾಗಿ ಬಂತು. ಮೇಲ್ತುದಿಯಲ್ಲಿ ಎಳೆತ, ತೂಕ ಎರಡೂ ಕೆಳಕ್ಕೆ. ದಾರ ಸಡಿಲವಾಗುವ ಗಡಿಯಲ್ಲಿ ಎಳೆತ ಸೊನ್ನೆ, ತೂಕ ಒಂದೇ ಕೆಲಸ ಮಾಡುತ್ತದೆ. 1 ಮೀಟರ್ ದಾರಕ್ಕೆ ಮೇಲ್ತುದಿಯ ಕನಿಷ್ಠ ವೇಗ ಸುಮಾರು 3.13 ಮೀ/ಸೆ. ಬಾಯಿಪಾಠ ಬೇಕಾಗಲಿಲ್ಲ.

ಈಗ ಮಿಲ್. ಇಳಿಜಾರಿನ ಲೆಕ್ಕಕ್ಕೆ ವಾಪಸ್ ಬಂದೆವು.

"ನಿಮ್ಮ ಮಿಲ್‌ನಲ್ಲಿ ಟೆಂಪೋಗೆ ಮೂಟೆ ಹೇಗೆ ಹಾಕ್ತಾರಮ್ಮ?"

"ಹಲಗೆ ಇಟ್ಟು ದಬ್ಬುತಾರೆ ಸಾರ್."

"ಅರ್ಧದಲ್ಲಿ ಕೈ ಬಿಟ್ಟರೆ?"

"ಗೋಣಿ ಮೂಟೆ ಆದ್ರೆ ನಿಲ್ಲುತ್ತೆ. ಪ್ಲಾಸ್ಟಿಕ್ ಚೀಲ ಆದ್ರೆ ಜಾರಿಕೊಂಡು ಬಂದುಬಿಡುತ್ತೆ. ನಮ್ಮಪ್ಪ ಅದಕ್ಕೇ ಹಲಗೆ ಮೇಲೆ ಗೋಣಿತಾಟು ಹಾಸ್ತಾರೆ."

ಘರ್ಷಣೆಯ ಅಧ್ಯಾಯ ಪೂರ್ತಿ ಆ ಮೂರು ವಾಕ್ಯದಲ್ಲಿದೆ! ಅವಳಿಗೆ ಇದು ಚಿಕ್ಕಂದಿನಿಂದ ಗೊತ್ತು. ಗೊತ್ತಿರುವುದು ಪರೀಕ್ಷೆಯ ಹಾಳೆಗೆ ಬರುತ್ತಿರಲಿಲ್ಲ, ಅಷ್ಟೇ.

"ನಿಂತಿರೋ ಮೂಟೆ ಮೇಲೆ ಘರ್ಷಣೆ ಎಷ್ಟು?"

"ಮ್ಯೂ ಎನ್."

"ಅಷ್ಟು ಇದ್ರೆ ಮೂಟೆ ಮೇಲಕ್ಕೆ ಹೋಗಬೇಕಲ್ಲಮ್ಮ. ನೀನೇ ಲೆಕ್ಕ ಮಾಡಿದೀಯ."

ಸುಮಾರು ಹೊತ್ತು ಮಾತಿಲ್ಲ. ಪೆನ್ಸಿಲ್ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ನಿಧಾನಕ್ಕೆ, "ಕೆಳಗೆ ಎಷ್ಟು ಎಳೀತೋ ಅಷ್ಟೇ ಕೊಡುತ್ತಾ ಸಾರ್?" ಅಂದಳು.

ಅಷ್ಟೇ ಕೊಡುತ್ತದೆ. ಮ್ಯೂ ಎನ್ ಎನ್ನುವುದು ಘರ್ಷಣೆ ಕೊಡಬಲ್ಲ ಗರಿಷ್ಠ, ಅದರ ಮಿತಿ. ಬೇಕಾಗಿದ್ದು 24.5 ನ್ಯೂಟನ್, ಕೊಡಬಲ್ಲದ್ದು 25.46ರ ತನಕ. ಹಾಗಾಗಿ 24.5 ಕೊಟ್ಟು ನಿಲ್ಲಿಸುತ್ತದೆ, ವೇಗೋತ್ಕರ್ಷ ಸೊನ್ನೆ. 30 ಡಿಗ್ರಿಯ ಟ್ಯಾನ್ 0.577, ಅದು 0.6ಕ್ಕಿಂತ ಕಡಿಮೆ ಅಂತ ಒಂದೇ ಸಾಲಿನಲ್ಲೂ ಹೇಳಬಹುದು. ಹಲಗೆಯನ್ನು 31 ಡಿಗ್ರಿಗೆ ಎತ್ತಿದರೆ ಜಾರಲು ಶುರು. ಮರುದಿನ ಅವಳು ಇದನ್ನೇ ಮಿಲ್‌ನ ಹಲಗೆ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟು ನೋಡಿ ಬಂದಳು. ಚೀಲ ಜಾರಲು ಶುರುವಾದಾಗ ಹಲಗೆಯ ಎತ್ತರ, ನೆಲದ ಮೇಲಿನ ಅಡ್ಡ ಅಳತೆ ಎರಡನ್ನೂ ಟೇಪ್ ಹಿಡಿದು ಅಳೆದು, ಭಾಗಿಸಿ, ಗುಣಾಂಕ ಬರೆದುಕೊಂಡು ಬಂದಿದ್ದಳು. ನಾನು ಹೇಳಿರಲಿಲ್ಲ.

ಪದಗಳ ತೊಡಕು

ಇದೊಂದು ವಿಷಯ ನಮ್ಮ ಕಡೆಯ ಮಕ್ಕಳಿಗೆ ವಿಶೇಷವಾಗಿ ಬೇಕು, ಇದಕ್ಕೆ ಪಾಠದಲ್ಲಿ ಯಾರೂ ಹೊತ್ತು ಕೊಡುವುದಿಲ್ಲ. ಮನೆಯಲ್ಲಿ ನಾವು "ಶಕ್ತಿ ಹಾಕಿ ತಳ್ಳು" ಅನ್ನುತ್ತೇವೆ. ಅಲ್ಲಿ ಶಕ್ತಿ ಅಂದರೆ ಫೋರ್ಸ್. ಶಾಲೆಯ ಪುಸ್ತಕದಲ್ಲಿ ಫೋರ್ಸ್‌ಗೆ ಬಲ, ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ. ಜವ ಅಂದರೆ ಸ್ಪೀಡ್, ವೇಗ ಅಂದರೆ ದಿಕ್ಕೂ ಸೇರಿದ ವೆಲಾಸಿಟಿ. ಅಂಗಡಿಯಲ್ಲಿ ತೂಕ ಕೆ.ಜಿ.ಯಲ್ಲಿ, ಫಿಸಿಕ್ಸ್‌ನಲ್ಲಿ ತೂಕ ನ್ಯೂಟನ್‌ನಲ್ಲಿ. ಇದರ ಮೇಲೆ ಪಿಯುಸಿಯಲ್ಲಿ ಇಂಗ್ಲಿಷ್ ಪದಗಳು ಬಂದು ಕೂರುತ್ತವೆ. ಮೂರು ಪದರ. "ಶಕ್ತಿ" ಅಂದಾಗ ಅವಳ ತಲೆಯಲ್ಲಿ ಯಾವುದು ಓಡುತ್ತಿದೆ ಅಂತ ನನಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಕೂತು ಮೂರು ಸಾಲಿನ ಪಟ್ಟಿ ಮಾಡಿದೆವು: ಮನೆ ಮಾತು, ಶಾಲೆಯ ಪದ, ಪೇಪರ್‌ನ ಪದ.

ಆಗಲೇ ಇನ್ನೊಂದು ಸಿಕ್ಕಿತು. ಪ್ರಶ್ನೆಯ ಇಂಗ್ಲಿಷ್‌ನಲ್ಲಿ ಕೆಲವು ಪದಗಳು ಸುಮ್ನೆ ಬಂದಿರುವುದಿಲ್ಲ, ಅವು ಕೊಟ್ಟ ಮಾಹಿತಿ. 'ಸ್ಮೂತ್' ಅಂದರೆ ಘರ್ಷಣೆ ಸೊನ್ನೆ. 'ಲೈಟ್ ಸ್ಟ್ರಿಂಗ್' ಅಂದರೆ ಹಗ್ಗಕ್ಕೆ ದ್ರವ್ಯರಾಶಿ ಇಲ್ಲ, ಆದ್ದರಿಂದ ಘರ್ಷಣೆಯಿಲ್ಲದ ಹಗುರ ರಾಟೆಯ ಎರಡೂ ಕಡೆ ಎಳೆತ ಒಂದೇ. 'ಇನ್‌ಎಕ್ಸ್‌ಟೆನ್ಸಿಬಲ್' ಅಂದರೆ ಹಿಗ್ಗುವುದಿಲ್ಲ, ಎರಡೂ ವಸ್ತುಗಳ ವೇಗೋತ್ಕರ್ಷದ ಅಳತೆ ಒಂದೇ. 'ಫ್ರಮ್ ರೆಸ್ಟ್' ಅಂದರೆ ಆರಂಭದ ವೇಗ ಸೊನ್ನೆ. 'ಜಸ್ಟ್' ಅಂದರೆ ನಾವು ಗಡಿಯಲ್ಲಿ ನಿಂತಿದ್ದೇವೆ, ಇನ್ನೂ ಜಾರದ ವಸ್ತುವಿಗೆ ಈಗ ಮಾತ್ರ ಮ್ಯೂ ಎನ್ ಬರೆಯಬಹುದು. ಅವಳು 'ಲೈಟ್' ಅನ್ನು ಬೆಳಕು ಅಂತ ತಿಳಿದು, ಇದು ಇಲ್ಲಿ ಯಾಕೆ ಅಂತ ಬಿಟ್ಟುಬಿಡುತ್ತಿದ್ದಳಂತೆ. ಎರಡು ವರ್ಷ ಪಿಯುಸಿ ಹಾಗೇ ಮುಗಿದಿದೆ. ಇದನ್ನು ಕೇಳಿ ನನಗೆ ಸಂಕಟ ಆಯಿತು. ಯಾರೋ ಒಬ್ಬರು ಒಂದು ನಿಮಿಷ ಹೇಳಿದ್ದರೆ ಸಾಕಿತ್ತು.

ಎರಡನೇ ವಾರ: ಉತ್ತರವನ್ನು ನಂಬಬೇಡ

ಚಿತ್ರ ಕೈಗೆ ಬಂದ ಮೇಲೆ ಬಲದ ಲೆಕ್ಕಗಳು ಬೇಗ ಸಾಗಿದವು. ರಾಟೆಯ ಎರಡು ಬದಿಗೆ 3 ಕೆ.ಜಿ., 2 ಕೆ.ಜಿ.; ವೇಗೋತ್ಕರ್ಷ 1.96 ಮೀ/ಸೆ², ಎಳೆತ 23.5 ನ್ಯೂಟನ್. ಮೊದಲು ಎಳೆತ ಅಂದರೆ ತೂಗುವ ವಸ್ತುವಿನ ತೂಕ ಅಂತ ಬರೆಯುತ್ತಿದ್ದಳು. ಈಗ ತಾನೇ, "19.6 ಮತ್ತು 29.4ರ ಮಧ್ಯೆ ಬರಬೇಕು ಸಾರ್, ಇಲ್ಲದಿದ್ರೆ ಒಂದು ಇಳಿದು ಒಂದು ಏರಲ್ಲ" ಅಂದಳು. ಲಿಫ್ಟ್ ಲೆಕ್ಕದಲ್ಲಿ ಸ್ವಲ್ಪ ತಡವರಿಸಿದಳು. ಮೇಲೆ ಹೋಗುತ್ತಾ ನಿಧಾನವಾಗುವ ಲಿಫ್ಟ್‌ನಲ್ಲಿ ತೂಕದ ಯಂತ್ರ ಕಡಿಮೆ ತೋರಿಸುತ್ತದೆ, ಯಾಕೆಂದರೆ ವೇಗ ಮೇಲಕ್ಕಿದ್ದರೂ ವೇಗೋತ್ಕರ್ಷ ಕೆಳಕ್ಕೆ. ಅವಳ ಊರಲ್ಲಿ ಲಿಫ್ಟ್ ಇಲ್ಲ. ಉಯ್ಯಾಲೆ, ಉಬ್ಬು ಹತ್ತಿ ಇಳಿಯುವ ಬಸ್ಸು ಹೇಳಿದಾಗ ಹಿಡಿದಳು.

ಈ ವಾರದ ದೊಡ್ಡ ಪಾಠ ಗುಂಡು ಮತ್ತು ಮರದ ದಿಮ್ಮಿಯದು. 10 ಗ್ರಾಂ ಗುಂಡು 400 ಮೀ/ಸೆ ವೇಗದಲ್ಲಿ ಬಂದು, ಹಗ್ಗಕ್ಕೆ ತೂಗುಹಾಕಿದ 1.99 ಕೆ.ಜಿ. ದಿಮ್ಮಿಯೊಳಗೆ ಹೊಕ್ಕು ನಿಲ್ಲುತ್ತದೆ. ದಿಮ್ಮಿ ಎಷ್ಟು ಎತ್ತರ ಏರುತ್ತದೆ? ಶಕ್ತಿ ಸಂರಕ್ಷಣೆ ಅಂತ ಅವಳು ಮೊದಲಿಂದ ಕೊನೆವರೆಗೆ ಒಂದೇ ಏಟಿಗೆ ಬರೆದಳು. ಗುಂಡಿನ ಚಲನ ಶಕ್ತಿ 800 ಜೂಲ್, 2 ಕೆ.ಜಿ. ಏರಬೇಕು, ಎತ್ತರ 40.8 ಮೀಟರ್.

ನಾನು ಏನೂ ಹೇಳಲಿಲ್ಲ. ಕಿಟಕಿಯಾಚೆ ತೆಂಗಿನ ಮರ ಇತ್ತು, ಅದರ ಕಡೆ ನೋಡಿದೆ. ಅವಳೂ ನೋಡಿದಳು. "ಅದರ ಎರಡರಷ್ಟು ಎತ್ತರ ಹೋಗುತ್ತಾ ಸಾರ್? ಒಂದು ಗುಂಡಿಗೆ?" ಅಂತ ಹೇಳಿ ತಾನೇ ಹೊಡೆದು ಹಾಕಿದಳು. ಇದು ಬ್ಲಾಕ್ ಮೇಲೆ ಹತ್ತಿಸಿದ ಅದೇ ಹುಡುಗಿ. ಆಗ ಮೈನಸ್ 0.19 ಅವಳಿಗೆ ಬರೀ ಒಂದು ಅಂಕಿ ಆಗಿತ್ತು. ಈಗ 40.8 ಒಂದು ಎತ್ತರ ಆಗಿತ್ತು. ನನ್ನ ಪ್ರಕಾರ ಈ 23 ದಿನದಲ್ಲಿ ನಡೆದ ದೊಡ್ಡ ಕೆಲಸ ಇದೇ.

ಸರಿಯಾದ ದಾರಿ ಎರಡು ಹೆಜ್ಜೆಯದು. ಗುಂಡು ಹೊಕ್ಕುವ ಕ್ಷಣದಲ್ಲಿ ಸಂವೇಗ (ದ್ರವ್ಯರಾಶಿ ಗುಣಿಸು ವೇಗ) ಉಳಿಯುತ್ತದೆ, ಚಲನ ಶಕ್ತಿ ಉಳಿಯುವುದಿಲ್ಲ. 0.01 ಗುಣಿಸು 400, ಒಟ್ಟು 2 ಕೆ.ಜಿ.ಗೆ ಭಾಗಿಸಿದರೆ ವೇಗ 2 ಮೀ/ಸೆ. ಆಮೇಲೆ ತೂಗುವಾಗ ಶಕ್ತಿ ಉಳಿಯುತ್ತದೆ, ಎತ್ತರ ಸುಮಾರು 20 ಸೆಂ.ಮೀ. 800 ಜೂಲ್‌ನಲ್ಲಿ ಉಳಿದಿದ್ದು ಬರೀ 4. ಮಿಕ್ಕ 796 ಜೂಲ್ ಮರ ಸೀಳುವುದಕ್ಕೆ, ಬಿಸಿಗೆ, ಸದ್ದಿಗೆ ಹೋಯಿತು. ಡಿಕ್ಕಿ ಕಂಡರೆ ಮೊದಲು ಸಂವೇಗ. ದೂರ, ಎತ್ತರ ಕೇಳಿದರೆ ಶಕ್ತಿ. ಎಳೆತ, ವೇಗೋತ್ಕರ್ಷ ಕೇಳಿದರೆ ಬಲದ ಚಿತ್ರ. ಇದನ್ನು ಅಭ್ಯಾಸ ಮಾಡಿಸಲು ಅಧ್ಯಾಯವಾರು ಲೆಕ್ಕ ಬಿಟ್ಟು, ಹಳೇ ಪೇಪರ್‌ನ ಪ್ರಶ್ನೆಗಳನ್ನು ಚೀಟಿ ಮಾಡಿ ಡಬ್ಬಿಗೆ ಹಾಕಿದೆವು. ಅಧ್ಯಾಯದ ಹೆಸರು ಮೇಲಿದ್ದರೆ ಯಾವ ದಾರಿ ಅಂತ ಮೊದಲೇ ಗೊತ್ತಾಗಿಬಿಡುತ್ತದೆ. ಪರೀಕ್ಷೆಯಲ್ಲಿ ಆ ಹೆಸರು ಇರುವುದಿಲ್ಲ. ಬಸ್ಸಿಗೆ ಕಾಯುವಾಗ ಚೀಟಿ ಎತ್ತಿ, ಬಿಡಿಸದೆ, ಯಾವ ದಾರಿ ಅಂತ ಮಾತ್ರ ಗೆಳತಿಗೆ ಹೇಳುತ್ತಿದ್ದಳು.

ಕೊನೆಯ ದಿನಗಳು, ಪರೀಕ್ಷೆ

ಜಡತ್ವ ಮಹತ್ವಕ್ಕೆ (ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಅನ್ನುವ ಅಳತೆ), ಉರುಳುವ ಚಲನೆಗೆ ಹೊತ್ತು ಸಾಲಲಿಲ್ಲ. ಒಂದು ಗೋಲಿ, ಒಂದು ಗಾಜಿನ ಬಳೆ ತಂದು ಹಲಗೆ ಮೇಲಿಂದ ಒಟ್ಟಿಗೆ ಬಿಟ್ಟೆವು. ಗೋಲಿ 1 ಮೀಟರ್ ಮುಗಿಸುವಾಗ ಬಳೆ 70 ಸೆಂ.ಮೀ.ನ ಆಸುಪಾಸಿನಲ್ಲಿರುತ್ತದೆ. ದೊಡ್ಡ ಬಳೆ ತಂದರೂ, ಚಿಕ್ಕ ಬಳೆ ತಂದರೂ ಅಷ್ಟೇ. ಗೋಲಿಗೆ ಇಳಿಜಾರಿನ ವೇಗೋತ್ಕರ್ಷದ ಏಳರಲ್ಲಿ ಐದು ಪಾಲು, ಬಳೆಗೆ ಅರ್ಧ. ಬಳೆಯ ದ್ರವ್ಯವೆಲ್ಲ ಅಂಚಿನಲ್ಲಿ ಕೂತಿರುವುದರಿಂದ ತಿರುಗಿಸುವುದಕ್ಕೇ ಜಾಸ್ತಿ ಶಕ್ತಿ ಹೋಗುತ್ತದೆ. ಅವಳಿಗೆ ನೋಡಿ ಖುಷಿಯಾಯಿತು, ಆದರೆ ಪೂರ್ತಿ ಡಿರೈವೇಷನ್ ಗಟ್ಟಿಯಾಗಲಿಲ್ಲ.

ಕೊನೆಯ ಐದು ದಿನ ಗಡಿಯಾರ ಇಟ್ಟು ಹಳೇ ಪೇಪರ್. 60 ಅಂಕ, ಎರಡೂವರೆ ಗಂಟೆ, ಅಂಕಕ್ಕೆ ಎರಡೂವರೆ ನಿಮಿಷ. 4 ಅಂಕದ ಲೆಕ್ಕಕ್ಕೆ 10 ನಿಮಿಷ. ಅದರಲ್ಲಿ ಚಿತ್ರಕ್ಕೇ 2 ನಿಮಿಷ ಕೊಡು ಅಂತ ಹಟ ಹಿಡಿದೆ. ಹಿಂದಿನ ರಾತ್ರಿ ಹತ್ತಕ್ಕೆ ಮಲಗು ಅಂತ ಅವಳ ಅಮ್ಮನಿಗೂ ಫೋನ್‌ನಲ್ಲಿ ಹೇಳಿದೆ.

ಪರೀಕ್ಷೆ ಮುಗಿಸಿ ಹೊರಗೆ ಬಂದು ಪ್ರಶ್ನೆ ಪತ್ರಿಕೆ ತೋರಿಸಿದಳು. ಅಂಚಿನಲ್ಲೆಲ್ಲ ಪೆನ್ಸಿಲ್‌ನ ಪುಟ್ಟ ಪುಟ್ಟ ಬಾಣಗಳು. ಉರುಳುವ ಗೋಳದ ಪ್ರಶ್ನೆಯಲ್ಲಿ ಘರ್ಷಣೆಯ ತಿರುಗುಬಲ ಬಿಟ್ಟುಹೋಗಿತ್ತು, ಅದು ಅವಳಿಗೂ ಗೊತ್ತಿತ್ತು. ಮೇಲ್ಮೈ ಎಳೆತದ (ಸರ್ಫೇಸ್ ಟೆನ್ಷನ್) ಎರಡು ಅಂಕದ ಪ್ರಶ್ನೆ ಒಂದನ್ನು ಮುಟ್ಟಿರಲಿಲ್ಲ. ಬಂದಿದ್ದು 60ಕ್ಕೆ 39. ಅವಳ ಆಸೆ 45 ಇತ್ತು, ಸ್ವಲ್ಪ ಬೇಜಾರಾದಳು. ನನಗೆ ಆಗಲಿಲ್ಲ.

ಈ ವರ್ಷ ಮೊದಲ ಇಂಟರ್ನಲ್‌ನಲ್ಲಿ ನಾನು 5 ಅಂಕಕ್ಕೆ ಒಂದು ಪ್ರಶ್ನೆ ಇಟ್ಟೆ. ಟೆಂಪೋಗೆ ಒರಗಿಸಿದ ಹಲಗೆ, ಅದರ ಮೇಲೆ ನಿಂತಿರುವ ಗೋಣಿ ಮೂಟೆ. ಬಾಣಗಳನ್ನು ಹಾಕಿ, ಪ್ರತಿಯೊಂದನ್ನೂ ಕೊಡುತ್ತಿರುವವರು ಯಾರು ಬರೆಯಿರಿ. ಸೂತ್ರ ಬರೆದರೆ ಅಂಕವಿಲ್ಲ.